ಅಪರಾಧ ರಕ್ತದಲ್ಲಿ ಬರುವುದಿಲ್ಲ

ಪದವಿ ಮುಗಿಸಿ ಪಿಎಸ್‌ಐ ಪರೀಕ್ಷೆಗೆ ಓದುತ್ತಿರುವ ನನಗೆ ಗುರುವಾಯನಕೆರೆಯ ಮನೆಯಲ್ಲಿ ಪುಸ್ತಕ ತೆರೆದಾಗಲೆಲ್ಲ ಕಾಡುವ ಪ್ರಶ್ನೆ ಒಂದೇ. ಮನುಷ್ಯ ಅಪರಾಧಿಯಾಗಿ ಹುಟ್ಟುತ್ತಾನೆಯೇ ಅಥವಾ ಆಮೇಲೆ ಆಗುತ್ತಾನೆಯೇ? ಉತ್ತರ ಹುಡುಕುವಾಗ ಸಿಕ್ಕವರು ನಮ್ಮ ಸುರಪುರದಲ್ಲಿ ಬಾಳಿದ ಮೆಡೋಸ್ ಟೇಲರ್.

1808ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಹುಟ್ಟಿದ ಟೇಲರ್ 15ನೇ ವಯಸ್ಸಿನಲ್ಲೇ ಭಾರತದ ಹಡಗು ಹತ್ತಿದರು. ಬಾಂಬೆಯ ವ್ಯಾಪಾರಿಯೊಬ್ಬನ ಬಳಿ ಕೆಲಸದ ಭರವಸೆ ಇತ್ತು. 1824ರಲ್ಲಿ ಬಂದು ನೋಡಿದರೆ ಆ ವ್ಯಾಪಾರವೇ ಸೋತು ಕುಳಿತಿತ್ತು! ಕೆಲಸಕ್ಕಾಗಿ ಅಲೆದವರಿಗೆ ಆ ಹುಡುಗನ ಸಂಕಟ ಬಿಡಿಸಿ ಹೇಳಬೇಕಿಲ್ಲ. ಕೊನೆಗೆ ಹೈದರಾಬಾದ್ ನಿಜಾಮರ ಸೈನ್ಯ ಸೇರಿದರು. ಇಲ್ಲಿನ ಭಾಷೆ ಕಲಿತರು, ಪೊಲೀಸ್ ಹೊಣೆಯನ್ನೂ ಹೊತ್ತರು.

ಅದು ಥಗ್ಗರ ಭಯದ ಕಾಲ. ದಾರಿಹೋಕರ ಸ್ನೇಹ ಬೆಳೆಸಿ, ಬಟ್ಟೆಯಿಂದ ಕುತ್ತಿಗೆ ಬಿಗಿದು ಕೊಂದು ದೋಚುವ ಗುಂಪುಗಳವು. ಸೆರೆಸಿಕ್ಕ ಥಗ್ಗರ ಹೇಳಿಕೆ ಕೇಳಿದ್ದ ಟೇಲರ್ 1839ರಲ್ಲಿ ‘ಕನ್ಫೆಷನ್ಸ್ ಆಫ್ ಎ ಥಗ್’ ಕಾದಂಬರಿ ಪ್ರಕಟಿಸಿದರು. ಅದರ ನಾಯಕ ಅಮೀರ್ ಅಲಿ ಥಗ್ಗರ ಮನೆಯಲ್ಲಿ ಹುಟ್ಟಿದವನಲ್ಲ. ಥಗ್ಗರು ಅವನ ಹೆತ್ತವರನ್ನು ಕೊಂದರು. ಆ ಗುಂಪಿನ ಇಸ್ಮಾಯಿಲ್ ಮಗುವನ್ನು ಮಗನಂತೆ ಸಾಕಿದ. ಹೊಡೆದು ಬಡಿದು ಕಲಿಸಲಿಲ್ಲ. ಪ್ರೀತಿಯಿಂದ, ಹೊಗಳಿಕೆಯಿಂದ ಕಲಿಸಿದ. ಮೊದಲು ಜೊತೆಗಿರುವುದು, ನಂತರ ನೋಡುವುದು, ಕೊನೆಗೆ ಕೈ ಹಾಕುವುದು. ಥಗ್ಗರ ಕಥೆಗಳನ್ನು ಬ್ರಿಟಿಷರು ಉಬ್ಬಿಸಿದರು ಎನ್ನುವ ಇತಿಹಾಸಕಾರರೂ ಇದ್ದಾರೆ. ಆದರೂ ಕಲಿಕೆಯ ಈ ಮೆಟ್ಟಿಲುಗಳನ್ನು ಟೇಲರ್ ಸರಿಯಾಗಿಯೇ ಗುರುತಿಸಿದ್ದರು.

ಎಷ್ಟೋ ವರ್ಷಗಳ ನಂತರ ಅಮೆರಿಕದ ಎಡ್ವಿನ್ ಸದರ್ಲ್ಯಾಂಡ್ ಇದನ್ನೇ ಸಿದ್ಧಾಂತವಾಗಿಸಿದರು. ಆಪ್ತರ ಒಡನಾಟದಲ್ಲಿ ನಾವು ಅಪರಾಧದ ವಿಧಾನವನ್ನಷ್ಟೇ ಅಲ್ಲ, ಅದನ್ನು ಸಮರ್ಥಿಸಿಕೊಳ್ಳುವ ನೆಪಗಳನ್ನೂ ಕಲಿಯುತ್ತೇವೆ ಎಂಬುದು ಅವರ ವಾದ. 1961ರಲ್ಲಿ ಮನಃಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ ನಡೆಸಿದ ಪ್ರಯೋಗದಲ್ಲಿ, ದೊಡ್ಡವರು ಗೊಂಬೆಗೆ ಹೊಡೆಯುವುದನ್ನು ನೋಡಿದ ಮಕ್ಕಳು ತಾವೂ ಹಾಗೆಯೇ ಹೊಡೆದರು.

ಬ್ರಿಟಿಷ್ ಸರ್ಕಾರ ಮಾತ್ರ ಇದಕ್ಕೆ ವಿರುದ್ಧ ದಾರಿ ಹಿಡಿಯಿತು. 1871ರ ಅಪರಾಧಿ ಬುಡಕಟ್ಟು ಕಾಯ್ದೆ ಇಡೀ ಸಮುದಾಯಗಳಿಗೇ ಹುಟ್ಟಪರಾಧಿಗಳ ಪಟ್ಟ ಕಟ್ಟಿತು. 1952ರಲ್ಲಿ ಕಾಯ್ದೆ ರದ್ದಾಯಿತು, ಕಳಂಕ ಇನ್ನೂ ಪೂರ್ತಿ ಅಳಿಸಿಲ್ಲ.

1841ರಲ್ಲಿ ಸುರಪುರಕ್ಕೆ ಬಂದ ಟೇಲರ್ 1853ರವರೆಗೆ ಅಲ್ಲಿದ್ದರು. ಬಾಲಕ ದೊರೆ ವೆಂಕಟಪ್ಪ ನಾಯಕ ಅವರನ್ನು ಅಪ್ಪಾ ಎಂದೇ ಕರೆಯುತ್ತಿದ್ದ. ಅದೇ ಹುಡುಗ ಬೆಳೆದು 1858ರಲ್ಲಿ ಬ್ರಿಟಿಷರ ವಿರುದ್ಧವೇ ಬಂಡೆದ್ದ! ಬೆಳೆಸಿದವರು ತೋರಿದ್ದೇ ಕೊನೆಯ ದಾರಿಯಲ್ಲ, ಆಯ್ಕೆ ನಮ್ಮದೂ ಹೌದು ಎಂಬುದನ್ನು ನಾನು ಕಂಡದ್ದು ಇಲ್ಲಿಯೇ. ಟೇಲರ್ 1876ರಲ್ಲಿ ತೀರಿಕೊಂಡರು.

ಇಂದಿನ ಇಸ್ಮಾಯಿಲರು ಮೊಬೈಲ್‌ನಲ್ಲೇ ಸಿಗುತ್ತಾರೆ. ಬ್ಯಾಂಕ್ ಖಾತೆಯನ್ನು ಕೆಲವು ದಿನ ಬಳಸಲು ಕೊಟ್ಟರೆ ಕಮಿಷನ್ ಎಂಬ ಸಂದೇಶ ನನಗೂ ಬಂದಿತ್ತು. ಕೆಲಸವಿಲ್ಲದಾಗ ಅದು ಅಪರಾಧದಂತೆ ಕಾಣುವುದಿಲ್ಲ, ಸಹಾಯದಂತೆ ಕಾಣುತ್ತದೆ. ಆದರೆ ಆ ಖಾತೆಗೆ ಬರುವುದು ಯಾರನ್ನೋ ವಂಚಿಸಿದ ಹಣ. ಕೊನೆಗೆ ಪೊಲೀಸರು ಹುಡುಕಿ ಬರುವುದು ಖಾತೆದಾರನ ಮನೆಗೆ. ನಾನು ಆ ಸಂಖ್ಯೆಯನ್ನು ಬ್ಲಾಕ್ ಮಾಡಿದೆ. ಗೆಳೆಯರೇ, ಕೆಟ್ಟದ್ದರ ಮೊದಲ ಪಾಠ ಬಹಳ ಸಲೀಸಾಗಿರುತ್ತದೆ. ಬೇಡ ಎನ್ನಲು ಅದೇ ಸರಿಯಾದ ಹೊತ್ತು.