ಕುರ್ಚಿ ಬೇಡವೆಂದ ನಾಯಕಿ



ಆಗಸ್ಟ್ ತಿಂಗಳ ನಮ್ಮ ಮಹಿಳಾ ವಿಭಾಗದ ಸಭೆಯಲ್ಲಿ ಒಂದು ಚರ್ಚೆ ಇಟ್ಟುಕೊಂಡಿದ್ದೆವು. ರಾಷ್ಟ್ರನಾಯಕರಲ್ಲಿ ನಿಜವಾಗಿ ದೊಡ್ಡವರು ಯಾರು, ಯಾಕೆ? ಚಹಾ, ಅವಲಕ್ಕಿ ಬರುವಷ್ಟರಲ್ಲಿ ಹಲಗೆಯ ಮೇಲೆ ಒಂಬತ್ತು ಹೆಸರುಗಳಾಗಿದ್ದವು. ಹೆಚ್ಚಿನವರು ಪ್ರಧಾನಿಗಳು, ಮಂತ್ರಿಗಳು. ನಾನು ಕಮಲಾದೇವಿ ಚಟ್ಟೋಪಾಧ್ಯಾಯರ ಹೆಸರು ಹೇಳಿದೆ. ಧಾರವಾಡದ ಕಡೆಯ ನಮ್ಮ ವೈನಿಯವರು ಕೂಡಲೇ ತಕರಾರು ತೆಗೆದರು. ಸೀರೆ, ಗೊಂಬೆ, ಬುಟ್ಟಿ ಎಂದು ಓಡಾಡಿದವರು ಒಳ್ಳೆಯವರೇ ಇರಬಹುದು, ಆದರೆ ಒಮ್ಮೆಯೂ ಮಂತ್ರಿಯಾಗದವರನ್ನು ರಾಷ್ಟ್ರನಾಯಕಿ ಎನ್ನುವುದು ಹೇಗೆ ಎಂಬುದು ಅವರ ಪ್ರಶ್ನೆ. ಆ ಹೊತ್ತಿಗೆ ನನಗೆ ಸರಿಯಾದ ಉತ್ತರ ಹೊಳೆಯಲಿಲ್ಲ. ಲೋಕಲ್ ಟ್ರೈನಿನಲ್ಲಿ ಮನೆಗೆ ಬರುವಾಗ ಎಲ್ಲ ಉತ್ತರಗಳೂ ಬಂದವು, ನನ್ನದು ಯಾವಾಗಲೂ ಹಾಗೇ. ಅದನ್ನೇ ಇಲ್ಲಿ ಬರೆದಿದ್ದೇನೆ.

ಕಮಲಾದೇವಿ ಹುಟ್ಟಿದ್ದು 1903ರ ಏಪ್ರಿಲ್ 3ರಂದು, ಮಂಗಳೂರಿನಲ್ಲಿ. ಸಾರಸ್ವತರ ಮನೆತನ. ತಂದೆ ಅನಂತಯ್ಯ ಧಾರೇಶ್ವರ ದೊಡ್ಡ ಸರ್ಕಾರಿ ಅಧಿಕಾರಿ. ಮಗಳು ಇನ್ನೂ ಚಿಕ್ಕವಳಿದ್ದಾಗಲೇ ಅವರು ಉಯಿಲು ಬರೆಯದೆ ತೀರಿಕೊಂಡರು. ಅಂದಿನ ಕಾನೂನಿನಂತೆ ಆಸ್ತಿಯೆಲ್ಲ ಮೊದಲ ಹೆಂಡತಿಯ ಮಗನಿಗೆ ಹೋಯಿತು. ತಾಯಿ ಗಿರಿಜಾಬಾಯಿಗೆ ತಿಂಗಳಿಗೆ ಇಷ್ಟು ಎಂದು ಜೀವನಾಂಶ. ಆ ತಾಯಿ ಅದನ್ನು ಬೇಡವೆಂದರು. ತವರಿನಿಂದ ತಮಗೆ ಬಂದದ್ದರಲ್ಲೇ ಮಕ್ಕಳನ್ನು ಬೆಳೆಸಿದರು.

ಈ ಸಂಗತಿ ಓದಿದಾಗಲೆಲ್ಲ ನಾನು ಒಂದು ಕ್ಷಣ ಪುಸ್ತಕ ಮುಚ್ಚಿಡುತ್ತೇನೆ. ನಮ್ಮ ಅಜ್ಜಿಗೂ ಹೀಗೇ ಆಗಿತ್ತು. ಅಜ್ಜ ಹೋದ ಮೇಲೆ ಹೊಲ ಮೈದುನರ ಪಾಲಾಯಿತು, ವರ್ಷಕ್ಕೆ ಇಷ್ಟು ಚೀಲ ಜೋಳ ಎಂದು ಗೊತ್ತು ಮಾಡಿದರು. ಅಜ್ಜಿ ತೆಗೆದುಕೊಂಡಳು. ಮೂರು ಮಕ್ಕಳಿದ್ದವು, ಬೇರೆ ದಾರಿ ಇರಲಿಲ್ಲ. ಜೋಳದ ಗಾಡಿ ಬಂದ ದಿನ ಅವಳು ಹಿತ್ತಿಲಿಗೆ ಹೋಗಿ ನಿಂತುಬಿಡುತ್ತಿದ್ದಳಂತೆ.

ಕಮಲಾದೇವಿಗೆ ಹದಿನಾಲ್ಕಕ್ಕೆ ಮದುವೆ, ಎರಡು ವರ್ಷದಲ್ಲಿ ವೈಧವ್ಯ. ಅಲ್ಲಿಗೆ ಮುಗಿಯಬೇಕಾಗಿದ್ದ ಕತೆ ಅದು. ಆದರೆ ಹುಡುಗಿ ಓದಲು ಮದರಾಸಿನ ಕ್ವೀನ್ ಮೇರೀಸ್ ಕಾಲೇಜಿಗೆ ಹೋದಳು. ಅಲ್ಲಿದ್ದಾಗ ಸರೋಜಿನಿ ನಾಯ್ಡು ಅವರ ತಮ್ಮ, ಕವಿ ಹರೀಂದ್ರನಾಥರ ಪರಿಚಯವಾಗಿ ಮದುವೆಯೂ ಆಯಿತು. ವಿಧವೆ, ಅದರ ಮೇಲೆ ಬಂಗಾಳಿ ಹುಡುಗ. ಮಂಗಳೂರಿನ ಜಗಲಿಗಳಲ್ಲಿ ಎಷ್ಟು ಮಾತಾಗಿರಬೇಕು! ಮುಂದೆ ನಾಟಕದಲ್ಲಿ ಬಣ್ಣ ಹಚ್ಚಿದರು, ಮೃಚ್ಛಕಟಿಕ ಮೂಕಿಚಿತ್ರದಲ್ಲೂ ನಟಿಸಿದರು. ಆ ಮದುವೆ ಉಳಿಯಲಿಲ್ಲ, ವಿಚ್ಛೇದನವಾಯಿತು. ಅದನ್ನೂ ಅವರು ಬಚ್ಚಿಡಲಿಲ್ಲ.

1926ರಲ್ಲಿ ಮದರಾಸು ಶಾಸನಸಭೆಗೆ ಹೆಂಗಸರೂ ನಿಲ್ಲಬಹುದು ಎಂದಾದಾಗ, ಮಾರ್ಗರೆಟ್ ಕಸಿನ್ಸ್ ಅವರ ಒತ್ತಾಸೆಯಿಂದ ಕಮಲಾದೇವಿ ನಿಂತರು. ಪ್ರಚಾರಕ್ಕೆ ಸಿಕ್ಕಿದ ದಿನಗಳು ಬಹಳ ಕಡಿಮೆ. ಅಲ್ಪ ಮತಗಳ ಅಂತರದಲ್ಲಿ ಸೋತರು. ಮರುವರ್ಷವೇ ಪುಣೆಯಲ್ಲಿ ಅಖಿಲ ಭಾರತ ಮಹಿಳಾ ಸಮ್ಮೇಳನ ಹುಟ್ಟಿಕೊಂಡಿತು. ಅದನ್ನು ಕಟ್ಟುವ ಕೆಲಸಕ್ಕೆ ಊರೂರು ತಿರುಗಿದವರಲ್ಲಿ ಇವರು ಮುಖ್ಯರು.

ನನಗೆ ಎಲ್ಲಕ್ಕಿಂತ ಇಷ್ಟ 1930ರ ಕತೆ. ದಂಡಿಗೆ ಹೊರಟ ಗಾಂಧೀಜಿ ತಮ್ಮ ತಂಡದಲ್ಲಿ ಹೆಂಗಸರನ್ನು ಸೇರಿಸಿಕೊಂಡಿರಲಿಲ್ಲ. ಹೆಂಗಸರಿಗೆ ಬೇರೆ ಕೆಲಸವಿದೆ ಎಂಬ ಅಭಿಪ್ರಾಯ ಅವರದು. ಕಮಲಾದೇವಿ ಪತ್ರ ಬರೆದು ಸುಮ್ಮನಾಗಲಿಲ್ಲ, ದಾರಿಯಲ್ಲಿದ್ದ ಗಾಂಧೀಜಿಯನ್ನೇ ಹೋಗಿ ಕಂಡು ವಾದಿಸಿದರು. ಉಪ್ಪು ಅಡುಗೆಮನೆಯ ವಸ್ತು, ಅದರ ಹೋರಾಟದಲ್ಲಿ ಅಡುಗೆಮನೆಯವರಿಗೇ ಜಾಗವಿಲ್ಲವೇ? ಹೀಗೆ ಹೇಳುತ್ತಿರುವುದು ನಾನು, ಅವರ ವಾದದ ತಿರುಳು ಮಾತ್ರ ಅವರದೇ. ಗಾಂಧೀಜಿ ಒಪ್ಪಿದರು. ಆಮೇಲೆ ನಮ್ಮ ಈ ಮುಂಬಯಿಯ ಚೌಪಾಟಿಯಲ್ಲೇ ಉಪ್ಪು ಮಾಡಿ, ಪೊಟ್ಟಣ ಕಟ್ಟಿ ಶೇರು ಬಜಾರಿನ ಒಳಕ್ಕೇ ಮಾರಲು ಹೋದರು. ಜೈಲಾಯಿತು. ದೇಶದ ಅತಿ ದೊಡ್ಡ ನಾಯಕನ ಎದುರು ನಿಂತು ನಿಮ್ಮ ನಿರ್ಧಾರ ತಪ್ಪು ಎನ್ನುವುದು, ಮತ್ತೆ ಅದೇ ನಾಯಕನ ಹೋರಾಟಕ್ಕಾಗಿ ಜೈಲಿಗೆ ಹೋಗುವುದು, ಎರಡೂ ಒಬ್ಬರಿಂದಲೇ ಆಗುವುದು ಅಪರೂಪ. ಈಗಂತೂ ಮೊದಲನೆಯದನ್ನು ಮಾಡಿದವರು ಪಕ್ಷದಲ್ಲೇ ಉಳಿಯುವುದಿಲ್ಲ.

ಸ್ವಾತಂತ್ರ್ಯ ಬಂದಾಗ ಅವರಿಗೆ 44 ವರ್ಷ. ಜೊತೆಗೆ ಜೈಲು ಕಂಡವರು ದಿಲ್ಲಿಯಲ್ಲಿ ಕುರ್ಚಿ ಹುಡುಕುತ್ತಿದ್ದಾಗ ಇವರು ಅದೇ ದಿಲ್ಲಿಯ ನಿರಾಶ್ರಿತರ ಡೇರೆಗಳಲ್ಲಿ ಓಡಾಡುತ್ತಿದ್ದರು. 1948ರಲ್ಲಿ ಭಾರತೀಯ ಸಹಕಾರಿ ಒಕ್ಕೂಟ ಕಟ್ಟಿದರು. ವಾಯವ್ಯ ಗಡಿನಾಡಿನಿಂದ ಎಲ್ಲ ಬಿಟ್ಟು ಬಂದಿದ್ದ ಜನರಿಗಾಗಿ ಫರೀದಾಬಾದ್ ಎದ್ದಿತು. ಸುಮಾರು 50,000 ಜನ. ಗುತ್ತಿಗೆದಾರರನ್ನು ನೆಚ್ಚಿಕೊಳ್ಳದೆ ನಿರಾಶ್ರಿತರೇ ಇಟ್ಟಿಗೆ ಹೊತ್ತು ತಮ್ಮ ಮನೆ ಕಟ್ಟಿಕೊಂಡರು. ದಾನವಾಗಿ ಬಂದ ಮನೆಯಲ್ಲ, ದುಡಿದು ಪಡೆದ ಮನೆ. ಗಿರಿಜಾಬಾಯಿಯ ಮಗಳಲ್ಲವೇ?

ಆದರೆ ವೈನಿಯವರ ವಾದಕ್ಕೆ ಬಲ ಸಿಗುವುದೂ ಇಲ್ಲಿಯೇ. ಮುಂದೆ ಸರ್ಕಾರಿ ಇಲಾಖೆಗಳು ಫರೀದಾಬಾದನ್ನು ತಮ್ಮ ಕೈಗೆ ತೆಗೆದುಕೊಂಡವು, ಸಹಕಾರದ ಉತ್ಸಾಹ ಕಡತಗಳಲ್ಲಿ ಸೊರಗಿತು. ಕಮಲಾದೇವಿ ಮಂತ್ರಿಯಾಗಿದ್ದರೆ ಅದನ್ನು ಉಳಿಸುತ್ತಿರಲಿಲ್ಲವೇ ಎಂದು ವೈನಿ ಕೇಳಿದರು. ಹೌದು, ಉಳಿಸುತ್ತಿದ್ದರೇನೋ. ಕುರ್ಚಿ ಬೇಡವೆಂದದ್ದಕ್ಕೂ ಒಂದು ಬೆಲೆಯಿದೆ, ಅದನ್ನು ಯಾವಾಗಲೂ ಬೇಡವೆಂದವರೇ ತೆರುವುದಿಲ್ಲ ಎಂಬ ಅವರ ಮಾತಿಗೆ ಇವತ್ತಿಗೂ ನನ್ನಲ್ಲಿ ಉತ್ತರವಿಲ್ಲ.

1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯ ಅಧ್ಯಕ್ಷರಾದರು. ಇದೂ ಒಂದು ಕುರ್ಚಿಯೇ ಎಂದರೆ ಸರಿ, ಆದರೆ ಅವರು ಅದರ ಮೇಲೆ ಕೂತದ್ದು ಕಡಿಮೆ. ಕುಂಬಾರರು, ನೇಕಾರರು, ಬುಟ್ಟಿ ಹೆಣೆಯುವವರು ಇರುವಲ್ಲಿಗೆ ತಾವೇ ಹೋಗುತ್ತಿದ್ದರು. ಕಾಳಹಸ್ತಿಯ ಕಲಂಕಾರಿ ಕೆಲವೇ ಮುದುಕರ ಕೈಯಲ್ಲಿ ಉಳಿದಿದ್ದಾಗ ಅಲ್ಲಿ ತರಬೇತಿ ಕೇಂದ್ರ ತೆರೆಸಿದರು. 1964ರಲ್ಲಿ ಚೆನ್ನೈಯಲ್ಲಿ ಕ್ರಾಫ್ಟ್ಸ್ ಕೌನ್ಸಿಲ್ ಆಫ್ ಇಂಡಿಯಾ ಶುರುವಾಯಿತು. 1966ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 1987ರಲ್ಲಿ ಪದ್ಮವಿಭೂಷಣ. ಪ್ರಶಸ್ತಿಗಳ ಪಟ್ಟಿ ಇನ್ನೂ ಇದೆ, ಬಿಡಿ.

ಮಂಗಳೂರು ಬಿಟ್ಟವರು ಮದರಾಸು, ಪುಣೆ, ದಿಲ್ಲಿ ಎಲ್ಲ ಸುತ್ತಿ 1988ರ ಅಕ್ಟೋಬರ್ 29ರಂದು ಮುಂಬಯಿಯಲ್ಲಿ ಕೊನೆಯುಸಿರೆಳೆದರು. ಊರು ಬಿಟ್ಟು ಬಂದ ನಮ್ಮಂಥವರ ಊರುಗಳೇ ಇವೆಲ್ಲ.

ಈ ಬರಹವನ್ನು ಕಳುಹಿಸುವ ಮೊದಲು ವೈನಿಯವರಿಗೆ ಓದಿ ಹೇಳಿದೆ. ಅಜ್ಜಿಯ ಜೋಳದ ಗಾಡಿಯ ಹತ್ತಿರ ಬಂದಾಗ ಮತ್ತೊಮ್ಮೆ ಓದು ಅಂದರು. ಕಡೆಗೆ, ಹಲಗೆಯ ಮೇಲೆ ಹತ್ತನೆಯ ಹೆಸರು ಬರೆಯಲು ಒಪ್ಪಿದ್ದಾರೆ. ಆದರೆ ಫರೀದಾಬಾದಿನ ಲೆಕ್ಕ ಇನ್ನೂ ಬಾಕಿ ಇರುವುದರಿಂದ, ಹೆಸರಿನ ಮುಂದೆ ಒಂದು ಪ್ರಶ್ನೆ ಚಿಹ್ನೆ ಹಾಕಿಯೇ ಬರೆಯಬೇಕಂತೆ.