ಊರನ್ನೇ ಗ್ರಂಥವಾಗಿ ತೆರೆದ ಪ್ಯಾಟ್ರಿಕ್ ಗೆಡ್ಡೀಸ್

ಪಂಡಿತನು ಅರಿತುದು ಪಂಡಿತನಿಗೆ ಮಾತ್ರ ತಿಳಿಯುವಂತಿದ್ದರೆ ಅದರಿಂದ ಊರಿಗೆ ಫಲವೇನು? ಶಾಸ್ತ್ರದ ಸಾರವನ್ನು ತಿಳಿಗನ್ನಡದಲ್ಲಿ ನುಡಿದ ಶರಣರ ನಾಡಿನವರಿಗೆ ಈ ಪ್ರಶ್ನೆ ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪಿನಲ್ಲಿ ಸಮಾಜಶಾಸ್ತ್ರವೆಂಬ ಹೊಸ ಶಾಸ್ತ್ರವು ತಲೆಯೆತ್ತಿದಾಗ ಅಲ್ಲಿಯೂ ಇದೇ ಪ್ರಶ್ನೆ ಎದ್ದಿತು. ಮನುಷ್ಯರು ಕೂಡಿ ಬಾಳುವ ಬಗೆಯನ್ನು ವಿಚಾರಿಸುವ ಆ ಶಾಸ್ತ್ರವು ಕೂಡಿ ಬಾಳುವ ಜನರ ಕೈಗೇ ಎಟುಕದೆ ದಪ್ಪ ದಪ್ಪ ಗ್ರಂಥಗಳಲ್ಲಿ ಅಡಗಿದ್ದಿತು. ಅದನ್ನು ಬೀದಿಗೆ ತಂದು ಕಣ್ಣಿಗೆ ಕಾಣುವಂತೆ ಮಾಡಲು ಬಾಳನ್ನೆಲ್ಲ ಸವೆಸಿದವರಲ್ಲಿ ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡೀಸರು ಮೊದಲ ಸಾಲಿನವರು.

ಗೆಡ್ಡೀಸರು 1854ನೆಯ ಇಸವಿ ಅಕ್ಟೋಬರ್ 2ರಂದು ಬ್ಯಾಲೆಟರ್ ಎಂಬಲ್ಲಿ ಜನಿಸಿದರು. ತಂದೆ ಸೈನ್ಯದಿಂದ ನಿವೃತ್ತರಾದವರು. ಪರ್ತ್ ಪಟ್ಟಣದ ಬಳಿಯ ಗುಡ್ಡದ ಮೇಲಿನ ಮನೆಯಲ್ಲಿ, ಹಿತ್ತಲ ತೋಟದಲ್ಲಿ, ಬಾಲಕನ ಮೊದಲ ಪಾಠಗಳು ನಡೆದವು. ಮುಂದೆ ಲಂಡನ್ನಿನಲ್ಲಿ ಹಕ್ಸ್‌ಲೀಯವರ ಬಳಿ ಜೀವಶಾಸ್ತ್ರವನ್ನು ಅಭ್ಯಸಿಸಿದರು. ಫ್ರಾನ್ಸಿಗೆ ಹೋದಾಗ ಲ ಪ್ಲೇ ಎಂಬ ವಿದ್ವಾಂಸರ ಸಿದ್ಧಾಂತವು ಅವರ ಮನಸ್ಸನ್ನು ಸೆರೆಹಿಡಿಯಿತು. ಒಂದು ಸಮಾಜವನ್ನು ತಿಳಿಯಬೇಕಾದರೆ ಅದು ನೆಲೆಸಿದ ನೆಲ, ಅದು ಮಾಡುವ ಕೆಲಸ, ಅದರ ಕುಟುಂಬ, ಈ ಮೂರನ್ನೂ ಒಟ್ಟಿಗೆ ನೋಡಬೇಕೆಂಬುದೇ ಆ ಸಿದ್ಧಾಂತದ ತಿರುಳು. ಗೆಡ್ಡೀಸರು ಇದನ್ನು ನೆಲ, ಕೆಲಸ, ಜನ ಎಂಬ ಮೂರು ಪದಗಳಿಗೆ ಇಳಿಸಿಕೊಂಡರು. ಕುರುಬನಿಗೂ ಬೆಸ್ತನಿಗೂ ಅರ್ಥವಾಗುವ ಮೂರು ಪದಗಳು!

1879ರಲ್ಲಿ ಮೆಕ್ಸಿಕೋ ದೇಶದಲ್ಲಿ ಸಂಶೋಧನೆಗೆಂದು ಹೋದಾಗ ಅವರ ಕಣ್ಣು ಕೆಟ್ಟು ಕತ್ತಲೆಕೋಣೆಯಲ್ಲಿ ವಾರಗಟ್ಟಲೆ ಇರಬೇಕಾಯಿತು. ಓದಲಾಗದೆ ಬರೆಯಲಾಗದೆ ಕುಳಿತವರು ಕಿಟಕಿಯ ಚೌಕಗಳನ್ನು ಬೆರಳಿನಿಂದ ತಡವುತ್ತ, ಒಂದೊಂದು ಚೌಕಕ್ಕೆ ಒಂದೊಂದು ವಿಚಾರವನ್ನು ಇಟ್ಟು, ಅವುಗಳ ಸಂಬಂಧವನ್ನು ಚಿಂತಿಸತೊಡಗಿದರು. ದೃಷ್ಟಿಯು ಮರಳಿತಾದರೂ ಸೂಕ್ಷ್ಮದರ್ಶಕದಲ್ಲಿ ಹೆಚ್ಚು ಹೊತ್ತು ದುಡಿಯುವ ಶಕ್ತಿ ಮೊದಲಿನಂತೆ ಉಳಿಯಲಿಲ್ಲ. ಸಸ್ಯಗಳಿಂದ ಅವರ ಲಕ್ಷ್ಯವು ಕ್ರಮೇಣ ಮನುಷ್ಯರ ಕಡೆಗೆ ಹೊರಳಿತು.

ಎಡಿನ್‌ಬರೋ ನಗರದ ಹಳೆಯ ಭಾಗವನ್ನು ಆಗ ಸಿರಿವಂತರು ಬಿಟ್ಟು ಹೋಗಿದ್ದರು. ಕತ್ತಲು ಕವಿದ ಎತ್ತರದ ಕಟ್ಟಡಗಳಲ್ಲಿ ಬಡವರು ಕಿಕ್ಕಿರಿದು ಬಾಳುತ್ತಿದ್ದರು. 1886ರಲ್ಲಿ ಆನಾ ಮಾರ್ಟನ್ ಎಂಬವರನ್ನು ಮದುವೆಯಾದ ಗೆಡ್ಡೀಸರು ಮರುವರ್ಷವೇ ಆ ಕೊಳಕು ಕೇರಿಯೊಂದರಲ್ಲಿ ಮನೆ ಹೂಡಿದರು. ಉಪನ್ಯಾಸಕ್ಕೆ ಮೊದಲು ಅವರ ಕೈಗೆ ಬಂದುದು ಸುಣ್ಣದ ಕುಂಚ. ಗೋಡೆ ಬಳಿದು, ಕಸ ತೆಗೆದು, ಕಿಟಕಿಗಳಲ್ಲಿ ಹೂಗಿಡ ಇಟ್ಟುದನ್ನು ನೋಡಿ ನೆರೆಯವರೂ ಒಬ್ಬೊಬ್ಬರಾಗಿ ಕೈಜೋಡಿಸಿದರು.

1892ರಲ್ಲಿ ಅವರು ಅದೇ ಊರಿನ ಕೋಟೆಯ ಹಾದಿಯಲ್ಲಿದ್ದ ಗೋಪುರವೊಂದನ್ನು ಕೊಂಡರು. ಅದರ ತುದಿಯಲ್ಲಿ ಕನ್ನಡಿ ಮಸೂರಗಳ ಯಂತ್ರವೊಂದಿದ್ದು, ಕತ್ತಲೆಕೋಣೆಯ ಬಿಳಿಯ ಮೇಜಿನ ಮೇಲೆ ಹೊರಗಿನ ನಗರದ ಬಿಂಬವು ಜೀವಂತವಾಗಿ ಮೂಡುತ್ತಿದ್ದಿತು. ಬಂದವರನ್ನು ಗೆಡ್ಡೀಸರು ಮೊದಲು ತುದಿಗೆ ಓಡಿಸಿಕೊಂಡು ಹೋಗುವರು. ಏದುಸಿರಿನಿಂದ ರಕ್ತವು ಚುರುಕಾದರೆ ಬುದ್ಧಿಯೂ ಚುರುಕಾದೀತೆಂಬುದು ಅವರ ಲೆಕ್ಕ. ಅಲ್ಲಿಂದ ಕೆಳಗಿಳಿದಂತೆ ಒಂದು ಅಂತಸ್ತಿನಲ್ಲಿ ಎಡಿನ್‌ಬರೋ, ಮುಂದೆ ಸ್ಕಾಟ್ಲೆಂಡ್, ಆಮೇಲೆ ಯೂರೋಪ್, ನೆಲದ ಅಂತಸ್ತಿನಲ್ಲಿ ಜಗತ್ತು. ತನ್ನ ಬೀದಿಯಿಂದ ಹೊರಟವನು ಲೋಕವನ್ನು ಮುಟ್ಟುವಂತೆ ಈ ಏರ್ಪಾಡು. ನಡುವೆ ಒಂದು ಕುರ್ಚಿಯ ಹೊರತು ಬೇರೇನೂ ಇಲ್ಲದ ಸಣ್ಣ ಕೋಣೆಯೊಂದು ಇದ್ದಿತು. ಕಂಡುದನ್ನು ಅಂತರಂಗದಲ್ಲಿ ಅರಗಿಸಿಕೊಳ್ಳಲು ನೋಡುಗನು ಅಲ್ಲಿ ಒಬ್ಬನೇ ಕುಳಿತುಕೊಳ್ಳಬೇಕು. ಅಮೆರಿಕದ ವಿದ್ವಾಂಸರೊಬ್ಬರು 1899ರಲ್ಲಿ ಈ ಗೋಪುರವನ್ನು ಜಗತ್ತಿನ ಮೊದಲ ಸಮಾಜಶಾಸ್ತ್ರ ಪ್ರಯೋಗಶಾಲೆಯೆಂದು ಬಣ್ಣಿಸಿದರು.

ಇಷ್ಟೆಲ್ಲ ಮಾಡಿದವರು ಒಳ್ಳೆಯ ವಾಗ್ಮಿಗಳಾಗಿದ್ದಿರಬೇಕೆಂದು ಊಹಿಸಿದರೆ ಅದು ತಪ್ಪು. ಸಭೆಯಲ್ಲಿ ಅವರ ಮಾತು ಗಡ್ಡದೊಳಗೇ ಉಳಿಯುತ್ತಿದ್ದಿತು. ಒಂದು ವಿಷಯದಿಂದ ಹತ್ತಕ್ಕೆ ಹಾರುತ್ತಿದ್ದಿತು. ಚೌಕಗಳ ಚಿತ್ರಗಳಂತೂ ಅನೇಕ ಪಂಡಿತರಿಗೇ ಒಗಟಾಗಿದ್ದವು. ತಿಳಿಯಪಡಿಸಬೇಕೆಂಬ ಹಂಬಲ ಬೇರೆ, ತಿಳಿಯಪಡಿಸುವ ಕಲೆ ಬೇರೆ. ಆದುದರಿಂದಲೇ ಇರಬೇಕು, ಅವರು ಮಾತಿಗಿಂತ ಹೆಚ್ಚಾಗಿ ಪ್ರದರ್ಶನವನ್ನು ನೆಚ್ಚಿದರು. ನಕ್ಷೆ, ಚಿತ್ರ, ಮಾದರಿಗಳ ಮೂಲಕ ನಗರಗಳ ಹುಟ್ಟು ಬೆಳವಣಿಗೆಗಳನ್ನು ತೋರಿಸುವ ಅವರ ವಸ್ತುಪ್ರದರ್ಶನವು 1911ರಿಂದ ಊರೂರು ಸುತ್ತಿ, 1913ರಲ್ಲಿ ಬೆಲ್ಜಿಯಮ್ಮಿನ ಘೆಂಟ್ ನಗರದಲ್ಲಿ ಅಗ್ರಪ್ರಶಸ್ತಿಯನ್ನು ಪಡೆಯಿತು. ಮದರಾಸಿನ ಗವರ್ನರ್ ಲಾರ್ಡ್ ಪೆಂಟ್ಲೆಂಡರ ಆಮಂತ್ರಣದಂತೆ 1914ರಲ್ಲಿ ಅದು ಭಾರತಕ್ಕೆ ಹಡಗೇರಿತು. ಮಹಾಯುದ್ಧವು ಆಗತಾನೆ ಆರಂಭವಾಗಿದ್ದಿತು. ಜರ್ಮನ್ ಯುದ್ಧನೌಕೆ ಎಮ್ಡನ್ ಆ ಹಡಗನ್ನು ಮುಳುಗಿಸಿತು. ವರ್ಷಗಟ್ಟಲೆ ಕೂಡಿಟ್ಟುದೆಲ್ಲ ಸಮುದ್ರದ ಪಾಲಾಯಿತು. ಬೇರೊಬ್ಬರಾಗಿದ್ದರೆ ಕೈಚೆಲ್ಲುತ್ತಿದ್ದರು. ಮಿತ್ರರು ಸ್ವದೇಶದಲ್ಲಿ ಹೊಸದಾಗಿ ಸಂಗ್ರಹಿಸಿ ಕಳುಹಿಸಿದ ಸಾಮಗ್ರಿಯಿಂದ 1915ರ ಆರಂಭದಲ್ಲಿ ಮದರಾಸಿನಲ್ಲಿ ಪ್ರದರ್ಶನವು ನಡೆದೇ ನಡೆಯಿತು.

ಆಗಿನ ಪುರಸಭೆಗಳ ಎಂಜಿನಿಯರರಿಗೆ ನೈರ್ಮಲ್ಯವೆಂದರೆ ಹಳೆಯ ಕೇರಿಯ ಎದೆಯನ್ನು ಸೀಳಿ ನೇರವಾದ ಅಗಲ ರಸ್ತೆ ಹಾಕುವುದು. ಮನೆ ಕಳೆದುಕೊಂಡ ಬಡವರು ಪಕ್ಕದ ಕೇರಿಗೆ ಹೋಗಿ ಅದನ್ನು ಇನ್ನಷ್ಟು ಕಿಕ್ಕಿರಿಸುವರು. ಗೆಡ್ಡೀಸರು ಊರೂರಿನ ಗಲ್ಲಿಗಳನ್ನು ಕಾಲ್ನಡೆಯಲ್ಲಿ ಸುತ್ತಿ, ಮರ, ಬಾವಿ, ಗುಡಿಗಳನ್ನು ಉಳಿಸಿಕೊಂಡು, ಬಿದ್ದುಹೋಗುವಂತಿರುವ ಕೆಲವು ಮನೆಗಳನ್ನು ಮಾತ್ರ ತೆಗೆದು ಗಾಳಿ ಬೆಳಕು ಬರಿಸುವ ಮಾರ್ಗವನ್ನು ತೋರಿಸಿದರು. ಒಳ್ಳೆಯ ವೈದ್ಯನು ಕೆಟ್ಟ ಮಾಂಸವನ್ನಷ್ಟೇ ಕೊಯ್ಯುವಂತೆ ಇದು. ಖರ್ಚೂ ಕಡಿಮೆ, ಜನರ ಕಣ್ಣೀರೂ ಕಡಿಮೆ. ಮದರಾಸು ಪ್ರಾಂತಕ್ಕೆ ಸೇರಿದ್ದ ನಮ್ಮ ಬಳ್ಳಾರಿಯ ಕುರಿತೂ 1915ರಲ್ಲಿ ಅವರು ವರದಿ ಬರೆದರು.

1917ನೆಯ ವರ್ಷವು ಅವರ ಪಾಲಿಗೆ ಘೋರವಾಯಿತು. ಹಿರಿಯ ಮಗ ಅಲಾಸ್ಟೇರ್ ಫ್ರಾನ್ಸಿನ ರಣರಂಗದಲ್ಲಿ ಮಡಿದನು. ಭಾರತದಲ್ಲಿ ಜೊತೆಗಿದ್ದ ಪತ್ನಿ ಆಗ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದರು. ಮಗನ ಸುದ್ದಿಯನ್ನು ಆಕೆಗೆ ತಿಳಿಸದೆ ಒಡಲೊಳಗೇ ಇಟ್ಟುಕೊಂಡರು; ಜೂನ್ ತಿಂಗಳಲ್ಲಿ ಆಕೆಯೂ ತೀರಿಕೊಂಡರು.

ಇಂದೂರಿನ ಕಾರ್ಯವು ಈ ದುಃಖದ ದಿನಗಳಿಗೆ ಹೊಂದಿಕೊಂಡೇ ಬಂದಿತು. ತುಕೋಜಿರಾವ್ ಹೋಳ್ಕರರ ಆ ರಾಜಧಾನಿಯಲ್ಲಿ ಪ್ಲೇಗಿನ ಹಾವಳಿ. ನಕ್ಷೆ ಹಿಡಿದು ಬೀದಿ ಸುತ್ತುವ ಬಿಳಿಗಡ್ಡದ ಪರದೇಶಿಯನ್ನು ಕಂಡು ಜನರು, ಪ್ಲೇಗನ್ನು ತರುವ ಮುದಿ ಸಾಹೇಬನು ಇವನೇ ಎಂದು ಬೆದರಿದರು. ಮಾರಿಯನ್ನು ಓಡಿಸಲು ಬಂದವನೇ ಮಾರಿಯಾದನು! ಇಲಿಯ ಮೈಮೇಲಿನ ಚಿಗಟದಿಂದ ರೋಗ ಹರಡುವುದೆಂದು ಆಗಲೇ ಗೊತ್ತಾಗಿದ್ದಿತು; ಆದರೆ ಅದು ಸರಕಾರದ ಕಾಗದಗಳಲ್ಲಿ ಇದ್ದಿತೇ ಹೊರತು ಮನೆಗಳಿಗೆ ಮುಟ್ಟಿರಲಿಲ್ಲ.

ಗೆಡ್ಡೀಸರು ಮಹಾರಾಜರನ್ನು ಕಂಡು ತಮಗೆ ಒಂದು ದಿನದ ಮಟ್ಟಿಗೆ ಅವರ ಅಧಿಕಾರವನ್ನು ಕೊಡಬೇಕೆಂದು ಬೇಡಿದರು. ದೊರೆತ ಮೇಲೆ ಊರೆಲ್ಲ ಸಾರಿಸಿದುದೇನೆಂದರೆ, ಈ ಬಾರಿಯ ದೀಪಾವಳಿಯ ಮೆರವಣಿಗೆಯು ವಾಡಿಕೆಯ ದಾರಿಯಲ್ಲಿ ಹೋಗದು. ಯಾವ ಬೀದಿಗಳಲ್ಲಿ ಹೆಚ್ಚು ಮನೆಗಳು ಶುದ್ಧವಾಗಿ ದುರಸ್ತಿಯಾಗಿವೆಯೋ ಆ ಬೀದಿಗಳಲ್ಲಿಯೇ ಹೋಗುವುದು. ದೀಪಾವಳಿಗೆ ಮನೆ ಸಾರಿಸಿ ಲಕ್ಷ್ಮಿಯನ್ನು ಬರಮಾಡಿಕೊಳ್ಳುವುದು ಹೇಗೂ ಜನರ ರೂಢಿ. ಆ ರೂಢಿಗೆ ಬೀದಿ ಬೀದಿಗಳ ಸ್ಪರ್ಧೆಯೂ ಕೂಡಿತು. ಕಸ ಸಾಗಿಸಲು ಸರಕಾರದ ಬಂಡಿಗಳು ಬಿಟ್ಟಿಯಾಗಿ ಬಂದವು. ಸಾವಿರಾರು ಬಂಡಿ ಕಸ ಹೊರಬಿದ್ದು, ಸಾವಿರಾರು ಇಲಿಗಳು ಸಿಕ್ಕಿಬಿದ್ದವು.

ಹಬ್ಬದ ದಿನ ಮೆರವಣಿಗೆಯಲ್ಲಿ ಆನೆ ಕುದುರೆಗಳ ಹಿಂದೆ ಕೊಳೆಯೆಂಬ ರಾಕ್ಷಸನ ದೊಡ್ಡ ಪ್ರತಿಮೆ, ಪ್ಲೇಗಿನ ದೈತ್ಯ ಇಲಿ, ಅದರ ಮೈಮೇಲೆ ಅಲುಗಾಡುವ ಚಿಗಟಗಳು. ಅದರ ಬೆನ್ನಿಗೆ ಬೀದಿ ಗುಡಿಸುವವರ ತಂಡ, ಬಿಳಿಯ ಹೊಸ ಬಟ್ಟೆಯುಟ್ಟು, ಪೊರಕೆಗಳಿಗೆ ಹೂಮಾಲೆ ಸುತ್ತಿ, ಮರ್ಯಾದೆಯಿಂದ ನಡೆದುಬಂದಿತು. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಬಲ್ಲವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ದಿನದ ಹೂಮಾಲೆಯಿಂದ ತಲೆತಲಾಂತರದ ಅವಮಾನವು ತೊಳೆದುಹೋಗದು, ನಿಜ. ಆದರೂ ಊರನ್ನು ಬದುಕಿಸುವವರು ಯಾರೆಂಬುದನ್ನು ಆ ದಿನ ಊರಿನ ಆಬಾಲವೃದ್ಧರೂ ಕಣ್ಣಾರೆ ಕಂಡರು. ಕಡೆಯಲ್ಲಿ ರಾಕ್ಷಸನನ್ನೂ ಇಲಿಯನ್ನೂ ಸುಟ್ಟುಹಾಕಿದರು. ಅಕ್ಷರ ಬಾರದವನಿಗೂ ರೋಗದ ಮೂಲವು ಮನದಟ್ಟಾಯಿತು. ಬೀದಿಯಲ್ಲಿ ಬೆರಳು ತೋರಿಸಿ ಬೆದರುತ್ತಿದ್ದ ಜನರೇ ಅಂದಿನಿಂದ ಆ ಮುದುಕರನ್ನು ಆದರದಿಂದ ಕಂಡರು. ಇಂದೂರಿನ ಕುರಿತ ಎರಡು ಸಂಪುಟಗಳ ಅವರ ವರದಿಯು 1918ರಲ್ಲಿ ಹೊರಬಿದ್ದಿತು; ಅದನ್ನು ಓದಿದವರಿಗಿಂತ ಮೆರವಣಿಗೆಯನ್ನು ನೋಡಿದವರೇ ಹೆಚ್ಚೆಂಬುದರಲ್ಲಿ ಸಂದೇಹವಿಲ್ಲ.

1919ರಲ್ಲಿ ಮುಂಬಯಿ ವಿಶ್ವವಿದ್ಯಾಲಯವು ಅವರನ್ನು ಸಮಾಜಶಾಸ್ತ್ರದ ಮೊದಲ ಪ್ರಾಧ್ಯಾಪಕರನ್ನಾಗಿ ನೇಮಿಸಿತು. ಅಲ್ಲಿ ಅವರ ಆಯ್ಕೆಯಿಂದ ಇಂಗ್ಲೆಂಡಿಗೆ ಹೋಗಿ ಕಲಿತು ಬಂದ ಘುರ್ಯೆಯವರು ಮುಂದೆ ಅದೇ ಪೀಠವನ್ನು ನಡೆಸಿದರು. ಘುರ್ಯೆಯವರ ಶಿಷ್ಯರು ಮೈಸೂರಿನ ಎಂ. ಎನ್. ಶ್ರೀನಿವಾಸರು. ಮೈಸೂರು ಸೀಮೆಯ ಹಳ್ಳಿಯೊಂದರ ಬಾಳನ್ನು ಸಾಮಾನ್ಯ ಓದುಗನೂ ಕಥೆಯಂತೆ ಓದಬಲ್ಲ ಗ್ರಂಥವಾಗಿ 1976ರಲ್ಲಿ ಪ್ರಕಟಿಸಿದವರು ಇವರೇ.

ಆರೋಗ್ಯ ಕೆಟ್ಟು 1924ರಲ್ಲಿ ಭಾರತವನ್ನು ಬಿಟ್ಟ ಗೆಡ್ಡೀಸರು ಫ್ರಾನ್ಸಿನ ಮೋಂಪೆಲಿಯೇ ಬಳಿ ಕಲ್ಲುಗುಡ್ಡದ ಮೇಲೆ ವಿದ್ಯಾರ್ಥಿನಿಲಯವೊಂದನ್ನು ಕಟ್ಟಿಸಿ, ತೋಟ ಬೆಳೆಸುತ್ತ ನೆಲೆಸಿದರು. 1932ರ ಏಪ್ರಿಲ್ 17ರಂದು ಅಲ್ಲಿಯೇ ಕಾಲವಾದರು. ಭಾರತದ ಊರುಗಳ ಕುರಿತ ಅವರ ವರದಿಗಳು ಬಹುಕಾಲ ಕಚೇರಿಗಳ ಕಪಾಟುಗಳಲ್ಲಿ ಧೂಳು ತಿನ್ನುತ್ತಿದ್ದವು. ಅವುಗಳಿಂದ ಆಯ್ದ ಭಾಗಗಳ ಒಂದು ಸಂಕಲನವು 1947ರಲ್ಲಿ, ಭಾರತವು ಸ್ವತಂತ್ರವಾದ ವರ್ಷದಲ್ಲಿ, ಲಂಡನ್ನಿನಲ್ಲಿ ಅಚ್ಚಾಯಿತು.