ರವಿವರ್ಮನ ತಾಯಿ–ಮಗು

ರಾಜಾ ರವಿವರ್ಮನೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಹಿರಿಯರ ದೇವರ ಕೋಣೆಯ ಲಕ್ಷ್ಮೀ ಸರಸ್ವತಿಯರ ಪಟಗಳು. ಅಂಥ ಪಟಗಳನ್ನು ಮನೆಮನೆಗೂ ಮುಟ್ಟಿಸಲೆಂದು ಆತನು 1894ರಲ್ಲಿ ಅಚ್ಚುಕೂಟ ತೆರೆದುದು ನಮ್ಮ ಈ ಮುಂಬಯಿಯಲ್ಲಿಯೇ. ಆದರೆ ದೇವತೆಗಳನ್ನು ಬರೆದ ಆ ಕೈ ತನ್ನ ಮಗಳನ್ನೂ ಮೊಮ್ಮಗನನ್ನೂ ಬರೆದಿದೆ. ಆತನ ಅಂತರಂಗವನ್ನು ಕಾಣಲು ಆ ಚಿತ್ರವೇ ಒಳ್ಳೆಯ ಬಾಗಿಲು.

ರವಿವರ್ಮನು ತಿರುವಾಂಕೂರು ಸಂಸ್ಥಾನದ ಕಿಳಿಮಾನೂರಿನಲ್ಲಿ 1848ರಲ್ಲಿ ಜನಿಸಿದನು. 1866ರಲ್ಲಿ ಮಾವೇಲಿಕ್ಕರ ಅರಮನೆಯ ಭಾಗೀರಥೀಬಾಯಿಯ ಕೈಹಿಡಿದನು. 1870ರಲ್ಲಿ ನಮ್ಮ ಕೊಲ್ಲೂರಿಗೆ ಬಂದು, ಮೂಕಾಂಬಿಕೆಯ ಸನ್ನಿಧಿಯಲ್ಲಿ 41 ದಿನ ಸೇವೆ ಸಲ್ಲಿಸಿ, ಆ ಬಳಿಕವೇ ಚಿತ್ರಕಲೆಯನ್ನು ವೃತ್ತಿಯಾಗಿ ಕೈಕೊಂಡನೆಂದು ಚರಿತ್ರಕಾರರು ಹೇಳುತ್ತಾರೆ. ಅನಂತರ ಮದರಾಸು, ಮೈಸೂರು, ಬರೋಡ, ಮುಂಬಯಿಗಳೆಂದು ಆತನ ಬಾಳೆಲ್ಲ ಸಂಚಾರವೇ ಆಯಿತು.

ಮಕ್ಕಳು ಮಾತ್ರ ಮಾವೇಲಿಕ್ಕರದವರು. ಅಲ್ಲಿಯ ಮರುಮಕ್ಕತ್ತಾಯವು ತುಳುನಾಡಿನ ಅಳಿಯಸಂತಾನದ ಒಡಹುಟ್ಟು. ಮಕ್ಕಳು ತಾಯಿಯ ಮನೆತನಕ್ಕೆ ಸೇರಿದವರು, ತಂದೆಯು ಬಂದುಹೋಗುವವನು. 1891ರಲ್ಲಿ ಭಾಗೀರಥೀಬಾಯಿ ತೀರಿಕೊಂಡಳು.

ಎರಡು ವರ್ಷಗಳ ಮೇಲೆ, 1893ರಲ್ಲಿ, ಹಿರಿಯ ಮಗಳು ಮಹಾಪ್ರಭೆಯು ಕೂಸನ್ನೆತ್ತಿಕೊಂಡು ನಿಂತ ಚಿತ್ರವನ್ನು ಆತನು ಬರೆದನು. ಅಗೋ ಅಪ್ಪ ಬಂದರು ಎಂಬರ್ಥದ ಇಂಗ್ಲಿಷ್ ಹೆಸರು ಅದಕ್ಕಿದೆ. ತಾಯಿಯ ನೋಟ, ಮಗುವಿನ ನೋಟ, ಕಾಲ ಬಳಿಯ ನಾಯಿಯ ನೋಟ, ಎಲ್ಲವೂ ಒಂದೇ ಕಡೆಗೆ. ಬರುವ ಅಪ್ಪ ಮಾತ್ರ ಚಿತ್ರದೊಳಗಿಲ್ಲ! ಮಾತೃಮೂಲ ಪದ್ಧತಿಯು ಅಳಿದು, ತಂದೆಯೇ ಯಜಮಾನನಾಗುವ ಹೊಸ ಸಂಸಾರದ ಮುನ್ಸೂಚನೆಯಿದು ಎಂದು ವಿಮರ್ಶಕರು ಅರ್ಥಮಾಡಿದ್ದಾರೆ. ಆ ಮಾತಿನಲ್ಲಿ ಹುರುಳಿದೆ. ಮಲಬಾರಿನಲ್ಲಿ ಮದುವೆಯ ಕಾನೂನು ಬಂದುದು 1896ರಲ್ಲಿ. ಆದರೆ ಇದೇ ಮಹಾಪ್ರಭೆಗೆ 1895ರಲ್ಲಿ ಹುಟ್ಟಿದ ಮಗಳು ಸೇತು ಲಕ್ಷ್ಮೀಬಾಯಿಯು 1900ರಲ್ಲಿ ತಿರುವಾಂಕೂರು ರಾಜಮನೆತನಕ್ಕೆ ದತ್ತು ಹೋಗಿ, 1924ರಿಂದ 1931ರವರೆಗೆ ರಾಜ್ಯಭಾರ ನಡೆಸಿದಳು. ಅದು ದೊರೆತುದು ತಾಯಿಯ ಬಳಿಯಿಂದಲೇ. ಆದುದರಿಂದ ಹಳೆಯ ಕಟ್ಟನ್ನು ಧಿಕ್ಕರಿಸಿದ ಚಿತ್ರವೆಂದು ಇದನ್ನು ಕರೆಯಲಾರೆವು. ಊರೂರು ಅಲೆದ ತಂದೆಯೊಬ್ಬನು, ತಾನು ಮನೆಗೆ ಬರುವಾಗ ಎದುರುನೋಡುವ ಕಣ್ಣುಗಳಿರಬೇಕೆಂದು ಬಯಸಿದನು. ಆ ಬಯಕೆಯೇ ಇಲ್ಲಿ ಬಣ್ಣ ತಳೆದಿದೆ ಎನ್ನುವುದೇ ನಮಗೆ ಮೆಚ್ಚು.

ಕೊನೆಯ ವರ್ಷಗಳಲ್ಲಿ ಮೈಸೂರು ಅರಮನೆಗಾಗಿ ಚಿತ್ರಗಳನ್ನು ಬರೆದ ರವಿವರ್ಮನು 1906ರ ಅಕ್ಟೋಬರ್ 2ರಂದು ಕಿಳಿಮಾನೂರಿನಲ್ಲಿ ಕಾಲವಾದನು. ಹೆಂಡತಿ ಮಕ್ಕಳನ್ನು ಊರಿನಲ್ಲಿ ಬಿಟ್ಟು, ಮಾಟುಂಗದ ಹೋಟೆಲುಗಳಲ್ಲಿ ದುಡಿದು, ವರ್ಷಕ್ಕೊಮ್ಮೆ ಮನೆ ಕಂಡ ನಮ್ಮ ಹಿರಿಯರಿಗೆ ಈ ಚಿತ್ರದ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.